ಒಂದೇ ಕೀಲಿಕೈಯ ಬೀಗ

ಅವಳ ಬೀಗಕ್ಕೆ ಎರಡನೇ ಕೀಲಿಕೈ ಇರಲಿಲ್ಲ. ಇದ್ದದ್ದು ಒಂದೇ, ಅದು ಕೆಂಪು ದಾರದಲ್ಲಿ ಅವಳ ಕೊರಳಲ್ಲಿ ನೇತಾಡುತ್ತಿತ್ತು. ಮನೆಯ ಬೀಗಕ್ಕಾದರೆ ಮೂರು ಕೀಲಿಕೈ: ಅಮ್ಮನ ಹತ್ತಿರ ಒಂದು, ಪಕ್ಕದ ಮನೆಯವರ ಹತ್ತಿರ ಒಂದು, ಎಲ್ಲಿಟ್ಟೆವೋ ಗೊತ್ತಿಲ್ಲದ್ದು ಒಂದು. ಈ ಬೀಗದ ಕಥೆಯೇ ಬೇರೆ. ಲಿಫ್ಟ್ ರಿಪೇರಿ ಮಾಡುವವರು ಲಿಫ್ಟಿನ ಡಬ್ಬಿಯ ತಲೆಯ ಮೇಲೆ ಹತ್ತಿ, ಬಾವಿಯಂಥ ಕತ್ತಲಲ್ಲಿ ಕೂತು ಕೆಲಸ ಮಾಡಬೇಕು. ಹತ್ತುವ ಮೊದಲು ತಾರಸಿಯ ಮೇಲಿನ ಮೋಟಾರ್ ಕೋಣೆಗೆ ಹೋಗಿ, ಮೇನ್ ಸ್ವಿಚ್ ಆರಿಸಿ, ಅದಕ್ಕೆ ತಮ್ಮ ಸ್ವಂತ ಬೀಗ ಜಡಿದು ಬರುತ್ತಾರೆ. ಹಾಕಿದವರೇ ತೆಗೆಯಬೇಕು. ಕಂಪನಿಯ ಮಾಲೀಕರೇ ಬಂದು ಕೇಳಿದರೂ ಕೀಲಿಕೈ ಕೊಡುವ ಹಾಗಿಲ್ಲ.

ಆ ಬೀಗ ಅವಳಿಗೆ ಅಂಗಡಿಯಿಂದ ಬಂದದ್ದಲ್ಲ, ತರಬೇತಿಯ ಕೊನೆಯ ದಿನ ಮೇಷ್ಟ್ರ ಕೈಯಿಂದ ಬಂದದ್ದು. ಒಂದು ಕೈಯಲ್ಲಿ ಸರ್ಟಿಫಿಕೇಟು, ಇನ್ನೊಂದು ಕೈಯಲ್ಲಿ ಬೀಗ ಹಿಡಿದು, ಸರ್ಟಿಫಿಕೇಟು ಕಳೆದುಹೋದರೆ ಇನ್ನೊಂದು ಮಾಡಿಸಿಕೊಡ್ತೀನಿ, ಬೀಗ ಮರೆತರೆ ಇನ್ನೊಬ್ಬಳನ್ನ ಎಲ್ಲಿಂದ ತರಲಿ ಎಂದಿದ್ದರು ಅವರು. ಮೇಷ್ಟ್ರ ಎಡಗೈಯಲ್ಲಿ ಮೂರೇ ಬೆರಳು. ಅವರ ಕಾಲದಲ್ಲಿ ಬೀಗದ ಪದ್ಧತಿ ಇರಲಿಲ್ಲವಂತೆ. ಯಾರೋ ಪುಣ್ಯಾತ್ಮ, ಕರೆಂಟು ಬಂತೇನೋ ನೋಡೋಣ ಅಂತ ಸ್ವಿಚ್ ಒತ್ತಿ ನೋಡಿದನಂತೆ.

ತರಬೇತಿಯ ಮೊದಲ ಹನ್ನೊಂದು ದಿನ ಮೇಷ್ಟ್ರು ಒಂದು ಸ್ಪ್ಯಾನರನ್ನೂ ಮುಟ್ಟಲು ಬಿಡಲಿಲ್ಲ. ಬೆಳಿಗ್ಗೆ ಕಬ್ಬಿಣದ ತುಂಡು ಕೊಯ್ಯುವುದು, ಅರ ಹಾಕಿ ಉಜ್ಜುವುದು. ಮಧ್ಯಾಹ್ನದ ಮೇಲೆ ಬರೀ ಬೀಗ. ಸ್ವಿಚ್ ಆರಿಸು, ಬೀಗ ಹಾಕು, ಚೀಟಿ ಕಟ್ಟು, ಕೀಲಿಕೈ ಕೊರಳಿಗೆ, ಕೆಳಗಿಳಿ, ಡಬ್ಬಿಯ ತಲೆಯ ಮೇಲೆ ಕಾಲಿಟ್ಟ ಕೂಡಲೇ ಲಿಫ್ಟು ಅಲುಗದಂತೆ ತಡೆಯುವ ಕೆಂಪು ಗುಂಡಿ ಒತ್ತು, ಆಮೇಲೆ ಕೂರು. ಏಳು, ಎಲ್ಲಾ ಹಿಂದುಮುಂದಾಗಿ ಮಾಡು, ಮತ್ತೆ ಮೊದಲಿಂದ. ಬೀಗ ಹಾಕಿದ ಮೇಲೆ ಕೆಂಪು ಗುಂಡಿ ಯಾಕೆ ಸರ್ ಎಂದು ಒಬ್ಬ ಕೇಳಿದ್ದಕ್ಕೆ ಮೇಷ್ಟ್ರು ಮೂರು ಬೆರಳಿನ ಕೈ ಎತ್ತಿ ತೋರಿಸಿದರೇ ಹೊರತು ಬಾಯಿ ಬಿಡಲಿಲ್ಲ. ಬೀಗ ಹಾಕೋದು ಕಲಿಯೋಕೆ ಎರಡು ವರ್ಷವಾ ಎಂದು ಹುಡುಗರು ನಕ್ಕರು. ಅವಳು ನಗದೆ ಹಾಕಿ ತೆಗೆದು ಮಾಡಿದಳು. ಅದಕ್ಕೇ ಅವಳಿಗೆ ‘ಬೀಗಿತ್ತಿ’ ಎಂದು ಅಡ್ಡಹೆಸರು ಬಿತ್ತು, ಯಾರ ಮದುವೆಯನ್ನೂ ಮಾಡಿಸದೆಯೇ.

ಅವಳು ಆ ತರಬೇತಿಗೆ ಸೇರಿದಾಗ ಅವಳಿಗೆ ಮೂವತ್ತೊಂದು. ಅದಕ್ಕೆ ಮೊದಲು ಹನ್ನೊಂದು ವರ್ಷ ಬಟ್ಟೆ ಅಂಗಡಿಯಲ್ಲಿ ಬಟ್ಟೆ ಮಡಚಿದ್ದಳು. ಗಿರಾಕಿ ಬಿಚ್ಚುವುದು, ಇವಳು ಮಡಚುವುದು. ಕೂರಲು ಸ್ಟೂಲಿಲ್ಲ, ನಿಂತದ್ದಕ್ಕೆ ಲೆಕ್ಕವಿಲ್ಲ. ಹನ್ನೊಂದು ವರ್ಷದ ಕೊನೆಗೆ ಅವಳಿಗೆ ಬರುತ್ತಿದ್ದದ್ದು ಮೊದಲ ದಿನ ಬರುತ್ತಿದ್ದ ಅದೇ ಮಡಿಕೆ. ಲಿಫ್ಟಿನ ಕೆಲಸ ಕಲಿತ ಮೂರು ವರ್ಷದಲ್ಲಿ ಊರಿನ ಅರವತ್ತು ಲಿಫ್ಟುಗಳ ನಾಡಿ ಅವಳ ಕೈಗೆ ಗೊತ್ತಾಯಿತು. ಬಾಗಿಲಿಗೆ ಕಿವಿಯಿಟ್ಟರೆ ಯಾವ ಗಾಲಿ ಸವೆದಿದೆ, ಯಾವ ಹಗ್ಗ ಸಡಿಲವಾಗಿದೆ ಎಂದು ಹೇಳಬಲ್ಲವಳಾದಳು. ತನ್ನದೇ ಎರಡು ಕೋಣೆಯ ಮನೆ ಮಾಡಿ ಅಮ್ಮನನ್ನು ಕರೆದುಕೊಂಡು ಬಂದಳು. ಅವಳಿಗೆ ಮದುವೆ ಆಗಿತ್ತೋ ಇಲ್ಲವೋ ಎಂದು ಕೇಳುವವರಿದ್ದಾರೆ. ಆ ವಿಷಯಕ್ಕೂ ಈ ಕಥೆಗೂ ಸಂಬಂಧವಿಲ್ಲ.

ಸಂಬಂಧ ಇರುವುದು ಅಣ್ಣನಿಗೆ. ಅಣ್ಣ ಡಿಗ್ರಿ ಮುಗಿಸಿ ಒಂದು ಕಾಲೇಜಿನ ಆಫೀಸ್ ಸೂಪರಿಂಟೆಂಡೆಂಟ್ ಆಗಿದ್ದ. ಅವನ ಡಿಗ್ರಿ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ, ಗಾಜಿನ ಹಿಂದೆ, ಗೋಡೆಯ ಮೇಲಿತ್ತು. ಅದೂ ಯಾರ ಮನೆಯ ಗೋಡೆ? ತಂಗಿಯ ಮನೆಯದು. ಅಮ್ಮ ಬರುವಾಗ ಬಟ್ಟೆಬರೆಗಿಂತ ಮೊದಲು ಅದನ್ನು ಎದೆಗವಚಿಕೊಂಡು ಬಂದಿದ್ದಳು. ತಂಗಿಯ ಸರ್ಟಿಫಿಕೇಟು ಕರೆಂಟ್ ಬಿಲ್ಲುಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ಮಗಳು ಏನು ಮಾಡ್ತಾಳೆ ಎಂದು ನೆಂಟರು ಕೇಳಿದರೆ, ಲಿಫ್ಟ್ ಕಂಪನಿಯಲ್ಲಿ ಆಫೀಸ್ ಕೆಲಸ ಎನ್ನುತ್ತಿದ್ದಳು ಅಮ್ಮ. ಮಗಳ ಉಗುರಿನ ಸಂದಿಯ ಗ್ರೀಸನ್ನು ನೋಡಿದ ನೆಂಟರು ಆ ಆಫೀಸಿನಲ್ಲಿ ಏನು ಶಾಯಿ ಬಳಸುತ್ತಾರೋ ಎಂದುಕೊಂಡಿರಬೇಕು.

ಅಣ್ಣನ ಕಾಲೇಜಿನ ಲಿಫ್ಟು ಅವಳ ಅರವತ್ತರಲ್ಲಿ ಒಂದಾಗಿ ಬಂದಾಗ ಅವನು ಮನೆಗೆ ಬಂದು ಒಂದು ಮಾತು ನಡೆಸಿಕೊಡು ಎಂದು ಕೇಳಿಕೊಂಡಿದ್ದ. ಅಲ್ಲಿ ಅವಳು ಅವನನ್ನು ಸರ್ ಎನ್ನಬೇಕು, ಅವನು ಅವಳನ್ನು ‘ಲಿಫ್ಟಿನವರು’ ಎನ್ನುತ್ತಾನೆ. ಅಣ್ಣ ತಂಗಿ ಅಂತ ಗೊತ್ತಾದರೆ ಸುಮ್ಮನೆ ಮಾತು ಬರುತ್ತೆ, ನಿನಗೇ ತೊಂದರೆ ಎಂದ. ಯಾರಿಗೆ ತೊಂದರೆ ಎಂದು ಅವಳಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಒಪ್ಪಿದಳು, ಅದು ಅವಳ ತಪ್ಪು. ಮೂರು ವರ್ಷ, ತಿಂಗಳಿಗೊಂದು ಸಲ, ಅವಳು ಲಾಗ್‌ಬುಕ್ಕಿನಲ್ಲಿ ಮಾಡಿದ ಕೆಲಸ ಬರೆದು ಮುಂದೆ ಹಿಡಿಯುತ್ತಿದ್ದಳು. ಕಟ್ಟಡದವರ ಪರವಾಗಿ ಸೂಪರಿಂಟೆಂಡೆಂಟ್ ಸಾಹೇಬರು ಓದದೆ ಸಹಿ ಹಾಕುತ್ತಿದ್ದರು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಇಬ್ಬರು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಸಹಿ ಹಾಕಿ, ಪರಿಚಯವೇ ಇಲ್ಲದವರ ಹಾಗೆ ಬೇರೆಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು.

ಆ ದಿನ ಕಾಲೇಜಿನಲ್ಲಿ ಸಮಾರಂಭ. ಕೆಳಗಿನ ಪಡಸಾಲೆಯಲ್ಲಿ ಗೋಡೆಯಗಲದ ಬ್ಯಾನರು: ‘ಕೈಕಸುಬಿನ ತರಬೇತಿ: ಬಾಳಿಗೆ ಭರವಸೆ’. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊಸ ಹೆಲ್ಮೆಟ್ ಹಾಕಿಕೊಂಡ ಯುವಕನೊಬ್ಬ ಅದರಲ್ಲಿ ಸ್ಪ್ಯಾನರ್ ಹಿಡಿದು ನಗುತ್ತಿದ್ದ. ಸ್ಪ್ಯಾನರನ್ನು ಹಿಡಿದದ್ದು ಮೈಕಿನ ಹಾಗೆ. ಇವನ ಕೈಗೆ ಕೊಟ್ಟರೆ ಬೋಲ್ಟ್ ಬಿಗಿಯುತ್ತಾನೋ ಹಾಡುತ್ತಾನೋ ಎಂದುಕೊಂಡು ಅವಳು ಚೀಲ ಹೊತ್ತು ಒಳಗೆ ಬಂದಳು. ಐದನೇ ಮಹಡಿಯ ಸಭಾಂಗಣದಲ್ಲಿ ನಾಲ್ಕು ಗಂಟೆಗೆ ಭಾಷಣ. ಹತ್ತುವಾಗ ಲಿಫ್ಟು ಗಡಗಡ ಎನ್ನುತ್ತಿತ್ತು, ಹಳಿಗೆ ಅಂಟಿ ಜಾರುವ ‘ಶೂ’ ಎಂಬ ಬಿಡಿಭಾಗಗಳು ಸವೆದಿದ್ದವು. ಬದಲಾಯಿಸಿ ಮೂರಕ್ಕೆ ಬಿಟ್ಟುಕೊಡ್ತೀನಿ ಸರ್, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ಅಣ್ಣನಿಗೆ ಹೇಳಿದಳು. ಅವನು ಫೈಲಿನಿಂದ ಕಣ್ಣೆತ್ತದೆ ತಲೆಯಾಡಿಸಿದ.

ಲಿಫ್ಟನ್ನು ಮೂರನೇ ಮಹಡಿಯಲ್ಲಿ ನಿಲ್ಲಿಸಿ, ಪ್ರತಿ ಮಹಡಿಯ ಬಾಗಿಲಿನ ಮುಂದೆ ‘ಕೆಲಸ ನಡೆಯುತ್ತಿದೆ’ ಎಂಬ ಹಳದಿ ಹಲಗೆ ಇಟ್ಟಳು. ತಾರಸಿಗೆ ಹೋಗಿ ಸ್ವಿಚ್ ಆರಿಸಿ ಬೀಗ ಹಾಕಿದಳು, ‘ಒಳಗೆ ಮನುಷ್ಯರಿದ್ದಾರೆ’ ಎಂಬ ಕೆಂಪು ಚೀಟಿ ಕಟ್ಟಿದಳು. ಫೋನನ್ನು ಚೀಲದಲ್ಲಿಟ್ಟು ಚೀಲವನ್ನು ಅಲ್ಲೇ ಇಟ್ಟಳು, ಲಿಫ್ಟಿನ ಬಾವಿಯೊಳಗೆ ಫೋನ್ ತರಬಾರದೆಂಬುದೂ ಮೇಷ್ಟ್ರ ಕಟ್ಟಪ್ಪಣೆಯೇ. ಬೇಕಾದ ನಾಲ್ಕು ಸಲಕರಣೆಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಾಲ್ಕನೇ ಮಹಡಿಯ ಬಾಗಿಲು ತೆರೆದು ಡಬ್ಬಿಯ ತಲೆಯ ಮೇಲೆ ಇಳಿದು, ಬಾಗಿಲು ಮುಚ್ಚಿಕೊಂಡಳು.

ಮೂರು ಶೂ ಬದಲಾಯಿಸಿ ಮುಗಿದಿತ್ತು. ಮೇಲೆಲ್ಲೋ ಕರಕರ ಸದ್ದು ಬರುತ್ತಿತ್ತು, ಸಮಾರಂಭದ ಸಿದ್ಧತೆ ಇರಬೇಕು ಎಂದುಕೊಂಡಿದ್ದಳು. ನಾಲ್ಕನೆಯದು ಇಕ್ಕಟ್ಟಿನ ಮೂಲೆಯಲ್ಲಿ. ಬಲಗೈಯನ್ನು ಮೊಣಕೈವರೆಗೆ ಹಳಿಗೂ ಚೌಕಟ್ಟಿಗೂ ನಡುವೆ ತೂರಿಸಿ, ಬೆರಳ ತುದಿಯಲ್ಲಿ ನಟ್ಟು ಹುಡುಕುತ್ತಿದ್ದಳು. ಆಗ ನೆತ್ತಿಯ ಮೇಲೆ ಎಲ್ಲೋ ಟಕ್ ಎಂದಿತು. ಕಾಲ ಕೆಳಗಿನ ಡಬ್ಬಿಯಲ್ಲಿ ಫ್ಯಾನು ಗುಂಯ್‌ಗುಟ್ಟಿತು. ತಗಡಿನ ಸಂದಿಯಿಂದ ಬೆಳಕಿನ ಗೆರೆ ಮೇಲೆ ಬಂತು.

ಕರೆಂಟು ಬಂದಿತ್ತು. ಅವಳ ಕೀಲಿಕೈ ಅವಳ ಕೊರಳಲ್ಲೇ ಇತ್ತು, ಕರೆಂಟು ಬಂದಿತ್ತು.

ಕೈ ಹೊರಗೆಳೆಯಲು ನೋಡಿದಳು. ತೋಳು ಸಿಕ್ಕಿಕೊಂಡಿತು. ಹೋದ ದಾರಿಯಲ್ಲೇ ನಿಧಾನವಾಗಿ ತಿರುಗಿಸಿ ತೆಗೆಯಬೇಕು, ಅದಕ್ಕೆ ಎರಡು ಉಸಿರಿನಷ್ಟು ಹೊತ್ತು ಬೇಕು. ಅಷ್ಟರಲ್ಲಿ ಕೆಳಗಿನ ಪಡಸಾಲೆಯಲ್ಲಿ ಯಾರೋ ಗುಂಡಿ ಒತ್ತಿದ ಸದ್ದು. ಮೇಲೆ ಮತ್ತೆ ಟಕ್. ಡಬ್ಬಿ ಈಗ ಹೊರಡುತ್ತದೆ, ತೋಳು ಇಲ್ಲೇ ಉಳಿಯುತ್ತದೆ ಎಂದು ಅವಳಿಗೆ ಬಹಳ ಸ್ಪಷ್ಟವಾಗಿ ಗೊತ್ತಾಯಿತು.

ಡಬ್ಬಿ ಹೊರಡಲಿಲ್ಲ. ಮತ್ತೆ ಗುಂಡಿ, ಮತ್ತೆ ಟಕ್. ಆಗಲೂ ಹೊರಡಲಿಲ್ಲ. ಕೈ ಹೊರಗೆ ಬಂತು. ಮೊಣಕೈಯ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು, ಅಷ್ಟೇ. ಅವಳು ತಿರುಗಿ ನೋಡಿದಳು. ಕೆಂಪು ಗುಂಡಿ ಒಳಗೆ ಒತ್ತಿಕೊಂಡಿತ್ತು.

ಅದನ್ನು ಒತ್ತಿದ್ದು ಅವಳಿಗೆ ನೆನಪೇ ಇರಲಿಲ್ಲ. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಡಬ್ಬಿಯ ಮೇಲೆ ಕಾಲಿಡುವಾಗ ಅವಳ ತಲೆಯಲ್ಲಿದ್ದದ್ದು ಅಮ್ಮನ ಮೊಣಕಾಲಿನ ಔಷಧಿ. ತಲೆ ಮರೆತಿತ್ತು, ಕೈ ಮರೆತಿರಲಿಲ್ಲ. ಹನ್ನೊಂದು ದಿನ, ದಿನಕ್ಕೆ ನಲವತ್ತು ಸಲ, ಆ ಮೂರು ಬೆರಳಿನ ಮನುಷ್ಯ ಕೈಗೆ ಹೇಳಿಕೊಟ್ಟದ್ದು ತಲೆಯನ್ನು ಕೇಳದೆಯೇ ಕೆಲಸ ಮಾಡಿತ್ತು. ಅವಳು ಡಬ್ಬಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಒಂದು ನಿಮಿಷ ಆ ಗುಂಡಿಯನ್ನೇ ನೋಡಿದಳು. ಆಮೇಲೆ ಸಿಟ್ಟು ಬಂತು. ಅಂಗಾಲಿನಿಂದ ಹೊರಟ ಸಿಟ್ಟು ನೆತ್ತಿಗೆ ಹೋಗಿ ನಿಂತಿತು.

ನಾಲ್ಕನೇ ಮಹಡಿಯ ಬಾಗಿಲು ತೆರೆದು ಹೊರಗೆ ಬಂದರೆ ಹಳದಿ ಹಲಗೆ ಇಲ್ಲ. ಅಲ್ಲಿ ಹೂಕುಂಡ ಇತ್ತು, ಹಲಗೆಯನ್ನು ಮಡಚಿ ಕುಂಡದ ಹಿಂದೆ ತುರುಕಿದ್ದರು. ಅತಿಥಿಗಳು ಬರುವ ದಾರಿಯಲ್ಲಿ ಅದು ಚೆನ್ನಾಗಿ ಕಾಣುತ್ತಿರಲಿಲ್ಲವೇನೋ. ಅವಳು ಎರಡೆರಡು ಮೆಟ್ಟಿಲು ಹತ್ತಿ ತಾರಸಿಗೆ ಹೋದಳು. ಮೋಟಾರ್ ಕೋಣೆಯ ಬಾಗಿಲಲ್ಲಿ ವಾಚ್‌ಮನ್ ಯಜಮಾನರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವಳನ್ನು ನೋಡಿದ್ದೇ ಗೋಡೆಗೆ ಒರಗಿದರು.

“ನೀವು ಒಳಗೇ ಇದ್ರಾ ಅಮ್ಮ,” ಎಂದರು. “ನನ್ನ ಕೈಗೆ ಗರಗಸ ಕೊಟ್ಟರು. ಒಳಗೆ ಮನುಷ್ಯರಿದ್ದಾರೆ ಅಂತ ಬರೆದಿದೆ, ನಾನು ಮುಟ್ಟಲ್ಲ ಅಂದೆ. ಅವಳೆಲ್ಲೋ ಟೀ ಕುಡಿಯೋಕೆ ಹೋಗಿದ್ದಾಳೆ ಅಂತ ಹೇಳಿ, ನನ್ನ ಕೆಳಗೆ ಕಳಿಸಿದರು. ಮನಸ್ಸು ತಡೀದೆ ಮತ್ತೆ ಹತ್ತಿ ಬಂದೆ.”

ಕೊಟ್ಟವರು ಯಾರು ಎಂದು ಅವಳು ಕೇಳಿದಳು. ಯಜಮಾನರು ನೆಲ ನೋಡಿದರು. ಅವರಿಗೆ ಇನ್ನೆರಡು ವರ್ಷದ ನೌಕರಿ ಇತ್ತು, ಅದನ್ನು ಅವಳು ಬಲ್ಲಳು. ಮತ್ತೆ ಕೇಳಲಿಲ್ಲ.

ಬೀಗ ನೆಲದ ಮೇಲೆ ಬಿದ್ದಿತ್ತು. ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. ಬಾಗುಕಂಬಿಯ ಮೇಲೆ ಏಳೆಂಟು ಗೀರುಗಳು, ಒಂದು ಅಲ್ಲಿ, ಒಂದು ಇಲ್ಲಿ. ಗರಗಸ ಜಾರಿದ್ದು, ಮತ್ತೆ ಇಟ್ಟದ್ದು, ಮತ್ತೆ ಜಾರಿದ್ದು, ಕೊನೆಗೊಂದು ಓರೆಯಾಗಿ ಕಚ್ಚಿ ಹೇಗೋ ತುಂಡಾದದ್ದು. ಕಬ್ಬಿಣ ಕೊಯ್ಯಲು ಬರುವವನ ಕೆಲಸ ಇದಲ್ಲ. ಬರುವವನಾದರೆ ಹೆಬ್ಬೆರಳ ಉಗುರನ್ನು ಅಡ್ಡ ಇಟ್ಟು ಮೊದಲು ಒಂದು ಕಚ್ಚು ಮಾಡಿಕೊಳ್ಳುತ್ತಾನೆ, ಎರಡು ನಿಮಿಷದ ಕೆಲಸ. ಇವನು ಕಾಲು ಗಂಟೆ ಒದ್ದಾಡಿದ್ದಾನೆ. ಕಾಲು ಗಂಟೆ ಈ ಕೆಂಪು ಚೀಟಿ ಅವನ ಮೂಗಿನ ನೇರಕ್ಕೆ ತೂಗುತ್ತಿತ್ತು. ಓದಲು ಬರುವವನೇ, ಓದಿದವನೇ ಇರಬೇಕು.

ಅವಳು ಸ್ವಿಚ್ ಆರಿಸಿದಳು. ಮೂರು ಫ್ಯೂಸುಗಳನ್ನೂ ಕಿತ್ತು ಜೇಬಿಗೆ ಹಾಕಿಕೊಂಡಳು. ಬೀಗ ಕತ್ತರಿಸಿದರೆ ಕಂಪನಿಯ ಅಧಿಕಾರಿ ಬಂದು ನೋಡುವವರೆಗೆ ಲಿಫ್ಟು ಓಡಿಸುವ ಹಾಗಿಲ್ಲ, ಅದು ನಿಯಮ. ಚೀಲದಿಂದ ಫೋನ್ ತೆಗೆದು ಕಂಪನಿಗೆ ತಿಳಿಸಿದಳು. ನಡೆದದ್ದನ್ನೆಲ್ಲ ಲಾಗ್‌ಬುಕ್ಕಿನಲ್ಲಿ ಬರೆದು ಕಟ್ಟಡದವರ ಸಹಿ ತಗೊಂಡು ಇಡು ಎಂದರು. ಅವಳು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಇಳಿದಳು.

ಮೆಟ್ಟಿಲಿನಲ್ಲಿ ಮೆರವಣಿಗೆ ಎದುರಾಯಿತು. ಅತಿಥಿಗಳು ಎರಡೂವರೆಗೇ ಬಂದುಬಿಟ್ಟಿದ್ದರು. ಮುಂದೆ ಪ್ರಿನ್ಸಿಪಾಲರು, ನಡುವೆ ಕೈಕಸುಬಿನ ಬಗ್ಗೆ ಮಾತಾಡಲು ಬಂದ ಭಾಷಣಕಾರರು, ಪ್ರತಿ ತಿರುವಿನಲ್ಲೂ ಕಂಬಿ ಹಿಡಿದು ಏದುಸಿರು ಬಿಡುತ್ತಾ. ಪ್ರಿನ್ಸಿಪಾಲರು ಅವಳನ್ನು ನೋಡಿ, ಇವತ್ತೇ ಕೈಕೊಡಬೇಕಿತ್ತಾ ನಿಮ್ಮ ಲಿಫ್ಟು ಎಂದು ಹಲ್ಲು ಕಡಿದು ಹತ್ತಿಹೋದರು. ಎಲ್ಲರ ಹಿಂದೆ ಅಣ್ಣ ಇದ್ದ. ಅವಳನ್ನು ನೋಡಿ ಅವನ ಮುಖ ಬಿಳುಚಿತು, ಬೀಗ ನೋಡಿ ಇನ್ನಷ್ಟು. ಅವಳು ಬೀಗವನ್ನು ಅವನತ್ತ ಚಾಚಿದಳು, ಅಷ್ಟೇ, ಏನೂ ಕೇಳಲಿಲ್ಲ. ಅವನು ಬಲಗೈಯನ್ನು ಸರಕ್ಕನೆ ಬೆನ್ನ ಹಿಂದೆ ಎಳೆದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

“ಕೈ ತೋರಿಸು,” ಎಂದಳು.

ಅವನು ತೋರಿಸಲಿಲ್ಲ. ಅವಳೇ ಹಿಡಿದು ಎಳೆದು ಬಿಡಿಸಿದಳು. ತೋರುಬೆರಳಿನ ಬುಡದಲ್ಲಿ, ಹೆಬ್ಬೆರಳ ಮಗ್ಗುಲಲ್ಲಿ, ನೀರು ತುಂಬಿದ ಎರಡು ಹೊಸ ಗುಳ್ಳೆ. ತರಬೇತಿಯ ಮೊದಲ ವಾರ ಅವಳ ಅಂಗೈಯಲ್ಲೂ ಅಲ್ಲಲ್ಲೇ ಎದ್ದಿದ್ದವು, ಅವಳಿಗೆ ಗುರುತು ಹತ್ತದೇ ಇರುತ್ತದೆಯೇ. ಜನ್ಮದಲ್ಲಿ ಪೆನ್ನಿಗಿಂತ ಭಾರದ್ದನ್ನು ಎತ್ತದ ಆ ಕೈ ಮೊದಲ ಸಲ ಒಂದು ಸಲಕರಣೆ ಹಿಡಿದಿತ್ತು. ಹಿಡಿದದ್ದು ಇದಕ್ಕೆ.

ಅಣ್ಣ ಅವಳನ್ನು ನಾಲ್ಕನೇ ಮಹಡಿಯ ಮೂಲೆಗೆ, ಹೂಕುಂಡದ ಹತ್ತಿರಕ್ಕೆ ಕರೆದೊಯ್ದ. ದನಿ ತಗ್ಗಿಸಿ ಒಂದೇ ಸಮನೆ ಮಾತಾಡಿದ. ಅತಿಥಿಗಳು ಬೇಗ ಬಂದದ್ದು, ಪ್ರಿನ್ಸಿಪಾಲರು ಲಿಫ್ಟ್ ರೆಡಿ ಇದೆಯಾ ಎಂದದ್ದು, ಇವನು ಇದೆ ಎಂದುಬಿಟ್ಟದ್ದು, ಎರಡು ಸಲ ಫೋನ್ ಮಾಡಿದ್ದು, ಅವಳು ಎತ್ತದಿದ್ದದ್ದು. ಹೊರಗೆಲ್ಲೋ ಹೋಗಿದ್ದೀಯ ಅಂದುಕೊಂಡೆ ಎಂದ. ಇಷ್ಟು ಹೇಳಿದ ಮೇಲೆ ಮುಖ್ಯ ವಿಷಯಕ್ಕೆ ಬಂದ. ಪುಸ್ತಕದಲ್ಲಿ, ಕೀಲಿಕೈ ಕಳೆದುಹೋಯಿತು, ಅದಕ್ಕೆ ನಾನೇ ಬೀಗ ಕತ್ತರಿಸಿದೆ ಎಂದು ಬರೆದುಬಿಡು.

ಅವಳ ಕೈ ತಾನಾಗಿ ಕೊರಳಿಗೆ ಹೋಯಿತು. ಕೀಲಿಕೈ ಅಲ್ಲಿತ್ತು, ಮೈಯ ಬಿಸಿಗೆ ಬೆಚ್ಚಗಾಗಿತ್ತು. ಕೊಲ್ಲಲು ಹೊರಟದ್ದಾಯಿತು, ಈಗ ಸುಳ್ಳಿಯನ್ನಾಗಿಯೂ ಮಾಡಬೇಕು, ಅದೂ ಅವಳ ಕೈಯಲ್ಲೇ ಬರೆಸಿ.

“ಫೋನ್ ಮಾಡಿದೆ ಅಂತೀಯ,” ಎಂದಳು. “ಈ ಬಾಗಿಲ ಹತ್ತಿರ ನಿಂತು ಒಂದು ಸಲ ಕೂಗಿದ್ರೆ ಸಾಕಾಗಿತ್ತು. ಅಲ್ಲಿ ಕೆಳಗೆ ಚಮಚ ಬಿದ್ರೂ ನನಗೆ ಕೇಳಿಸುತ್ತೆ. ಯಾಕೆ ಕೂಗಲಿಲ್ಲ?”

ಅವನು ಹೇಳುವುದೇನು, ಅವಳಿಗೇ ಗೊತ್ತಿತ್ತು. ಸುತ್ತ ಜನ ಇದ್ದರು. ಲಿಫ್ಟಿನವರೇ ಎಂದು ಕೂಗಿದರೆ ಒಳಗಿಂದ ಏನಣ್ಣ ಎಂದು ಉತ್ತರ ಬಂದುಬಿಟ್ಟರೆ? ಆ ಒಂದು ಮಾತಿಗೆ ಹೆದರಿ ಈ ಮನುಷ್ಯ ಕಾಲು ಗಂಟೆ ಕಬ್ಬಿಣ ಕೊಯ್ದಿದ್ದ. ನಾಚಿಕೆ ತಂಗಿಗಿಂತ ಭಾರವಾಗಿ ತೂಗಿತ್ತು.

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಅಮ್ಮ. ಈ ಮೂಲೆಗೆ ಬರುವಾಗಲೇ ಅಣ್ಣ ಫೋನಿನಲ್ಲಿ ಅಲ್ಲಿಗೂ ಸುದ್ದಿ ಮುಟ್ಟಿಸಿದ್ದ, ಆ ಕೆಲಸದಲ್ಲಿ ಮಾತ್ರ ಚುರುಕು. ಅಮ್ಮ ಮೊದಲು ಅತ್ತಳು, ಊಟ ಮಾಡಿದೆಯಾ ಎಂದಳು, ಆಮೇಲೆ ಅಣ್ಣನ ನೌಕರಿ, ಅಣ್ಣನ ಮಕ್ಕಳು, ಅಣ್ಣನ ಮರ್ಯಾದೆ ಎಂದು ಸಾಲಾಗಿ ಹೇಳಿದಳು. ಕೊನೆಗೆ, ಏನೂ ಆಗಲಿಲ್ಲವಲ್ಲ ಮಗಳೇ, ಜೀವಂತ ಇದ್ದೀಯಲ್ಲ, ಬಿಟ್ಟುಬಿಡು ಎಂದಳು. ಮೊಣಕೈ ಉರಿಯುತ್ತಿತ್ತು. ಅವಳು ಸಂಜೆ ಬರ್ತೀನಮ್ಮ ಎಂದಷ್ಟೇ ಹೇಳಿ ಫೋನ್ ಇಟ್ಟಳು.

“ಅಮ್ಮನೂ ಅದೇ ಹೇಳಿದಳು ತಾನೆ,” ಎಂದ ಅಣ್ಣ. “ಏನೂ ಆಗಲಿಲ್ಲವಲ್ಲ.”

ಏನೂ ಆಗಲಿಲ್ಲ. ಎಷ್ಟು ಸುಲಭದ ಮಾತು. ಏನೂ ಆಗದೇ ಹೋದದ್ದು ತಾನಾಗಿ ಅಲ್ಲ, ಆಗದ ಹಾಗೆ ಒಬ್ಬರು ಎರಡು ವರ್ಷ ಕಲಿಸಿದ್ದರು, ಒಬ್ಬಳು ಎರಡು ವರ್ಷ ಕಲಿತಿದ್ದಳು. ಆಪರೇಷನ್ ಮಾಡಿ ಒಂದು ಜೀವ ಉಳಿಸಿದವರಿಗೆ ಕೈಮುಗಿಯುತ್ತಾರೆ. ದಿನಕ್ಕೆ ಸಾವಿರ ಜನರನ್ನು ಮೇಲೆ ಕೆಳಗೆ ಒಯ್ಯುವ ತಂತಿಹಗ್ಗ ಹರಿಯದ ಹಾಗೆ ನೋಡಿಕೊಳ್ಳುವವರಿಗೆ ‘ಏನೂ ಆಗಲಿಲ್ಲವಲ್ಲ’ ಎನ್ನುತ್ತಾರೆ. ಏನೂ ಆಗದೇ ಇರುವುದೇ ಅವರ ಕೆಲಸ ಎಂದು ಯಾರಿಗೂ ಹೊಳೆಯುವುದಿಲ್ಲ.

ಅವಳು ಜೇಬಿನಿಂದ ಲಿಫ್ಟಿನ ಬಾಗಿಲುಗಳನ್ನು ತೆರೆಯುವ ಕೀಲಿಕೈ ತೆಗೆದು ನಾಲ್ಕನೇ ಮಹಡಿಯ ಲಿಫ್ಟಿನ ಬಾಗಿಲನ್ನು ತೆರೆದಳು. ಡಬ್ಬಿಯ ತಲೆ ಹೊಸ್ತಿಲಿನ ಕೆಳಗೆ ಒಂದು ಮೊಳ ತಗ್ಗಿನಲ್ಲಿತ್ತು. ಅದರ ಅಂಚಿನಾಚೆ ಸಂದಿಯಲ್ಲಿ ಕತ್ತಲು ಪಾತಾಳಕ್ಕೆ ಇಳಿದಿತ್ತು, ಎಣ್ಣೆಯ ವಾಸನೆ ಬರುತ್ತಿತ್ತು. ಒಂದು ಕೈಯನ್ನು ಬಾಗಿಲಿಗೆ ಅಡ್ಡ ಹಿಡಿದೇ ನಿಂತಳು. ಕಲಿಯದವರನ್ನು ಆ ಹೊಸ್ತಿಲು ದಾಟಿಸಬಾರದು, ಸಿಟ್ಟಿನಲ್ಲೂ ಅದು ಅವಳಿಗೆ ಮರೆತಿರಲಿಲ್ಲ.

“ನಾನು ಅಲ್ಲಿ ಕೂತಿದ್ದೆ,” ಎಂದಳು. “ನೀನು ಹೇಳಿದ ಹಾಗೇ ಬರೀತೀನಿ. ಆದ್ರೆ ಒಂದು ಮಾತು. ನಾನು ಮೇಲೆ ಸ್ವಿಚ್ ಹತ್ತಿರ ಇರ್ತೀನಿ, ನೀನು ಹತ್ತು ನಿಮಿಷ ಅಲ್ಲಿ ಕೂತ್ಕೋತೀಯಾ?”

ಅಣ್ಣ ಬಗ್ಗಿ ನೋಡಿದ. ಅವಳು ಕುಳಿತಿದ್ದ ಜಾಗದಲ್ಲಿ ಹಳೆಯ ಶೂ, ಎಣ್ಣೆ ಬಟ್ಟೆ, ಹಳಿಯ ಮೇಲೆ ಒರೆಸದ ರಕ್ತದ ಗುರುತು. ಅವನ ಕಣ್ಣು ಮೇಲೆ ಹೋಯಿತು, ತಂತಿಹಗ್ಗಗಳ ಉದ್ದಕ್ಕೂ, ಮೋಟಾರ್ ಕೋಣೆಯ ತಳದವರೆಗೆ. ಗೋಡೆ ಹಿಡಿದುಕೊಂಡ.

“ಬೀಗದ ಕೈ ಯಾರ ಹತ್ತಿರ ಇರುತ್ತೆ?” ಎಂದು ಕೇಳಿದ.

ಬಾಯಿ ತಪ್ಪಿ ಬಂದ ಮಾತು. ಬಂದ ಮೇಲೆ ಅದು ಏನೆಂದು ಅವನಿಗೇ ಕೇಳಿಸಿತು. ಅವಳು ಕೈಯಲ್ಲಿದ್ದ ತುಂಡು ಬೀಗವನ್ನು ಅವನ ಗುಳ್ಳೆಯೆದ್ದ ಅಂಗೈಯಲ್ಲಿ ಇಟ್ಟಳು. ಬಾಗಿಲು ಮುಚ್ಚಿ, ಮೆಟ್ಟಿಲ ಮೇಲೆ ಕೂತು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು. ಅವನು ತಡೆಯಲಿಲ್ಲ.

ಐದನೇ ಮಹಡಿಯಿಂದ ಮೈಕಿನ ದನಿ ಬರುತ್ತಿತ್ತು. ಭಾಷಣಕಾರರಿಗೆ ಉಸಿರು ಮರಳಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದರು, ಚಪ್ಪಾಳೆ ಬಿತ್ತು. ಕಸುಬು ಕಲಿತವರು ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ ಎಂದರು, ಮತ್ತೆ ಚಪ್ಪಾಳೆ. ಮಾತು ಸುಳ್ಳಲ್ಲ, ಅದೇ ಇನ್ನೂ ಉರಿ ಬರಿಸುವ ವಿಷಯ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಚಪ್ಪಾಳೆ ತಟ್ಟುತ್ತಿದ್ದವರಲ್ಲಿ ತಮ್ಮ ಮಕ್ಕಳನ್ನು ಬಿಟ್ಟು ಪಕ್ಕದ ಮನೆಯ ಮಕ್ಕಳಿಗೇ ಇದು ಒಳ್ಳೆಯದು ಎಂದುಕೊಂಡು ತಟ್ಟುತ್ತಿದ್ದವರು ಎಷ್ಟು ಜನವೋ.

ಭಾಷಣ ಮುಗಿದು ಜನ ಇಳಿಯತೊಡಗಿದರು. ಪ್ರಿನ್ಸಿಪಾಲರು ಅತಿಥಿಗಳನ್ನು ಹಿಂದಿಟ್ಟುಕೊಂಡು ಬಂದು, ಇಳಿಯುವುದಕ್ಕಾದರೂ ಲಿಫ್ಟು ಸಿಗುತ್ತದೋ ಎಂದು ಕೇಳಿದರು. ಇಲ್ಲ ಎಂದಳು. ಯಾಕೆ ಎಂದು ಅವರು ದನಿಯೇರಿಸಿದರು. ಹಿಂದೆ ಕಾಲೇಜಿನ ನಾಲ್ಕಾರು ಮೇಷ್ಟ್ರುಗಳು, ಅವರ ಹಿಂದೆ ವಾಚ್‌ಮನ್ ಯಜಮಾನರು ನಿಂತರು. ಅವಳು ಎದ್ದು ಪುಸ್ತಕವನ್ನು ಅಣ್ಣನ ಮುಂದೆ ಹಿಡಿದಳು, ಪ್ರತಿ ತಿಂಗಳೂ ಹಿಡಿಯುತ್ತಿದ್ದ ಹಾಗೆಯೇ.

“ಯಾಕೆ ಅಂತ ಅದರಲ್ಲಿದೆ ಸರ್,” ಎಂದಳು ಪ್ರಿನ್ಸಿಪಾಲರಿಗೆ. “ಕಟ್ಟಡದವರು ಓದಿ ಸಹಿ ಹಾಕಬೇಕು. ಇಷ್ಟು ದಿನ ಓದದೇ ಹಾಕ್ತಿದ್ರು.”

ಓದ್ರೀ, ಏನದು ಎಂದರು ಪ್ರಿನ್ಸಿಪಾಲರು.

ಅಣ್ಣ ಪುಸ್ತಕ ತಗೊಂಡ. ಓದಿದ, ಮೊದಲು ಗಂಟಲಿನೊಳಗೆ. ಕೇಳಿಸ್ತಾ ಇಲ್ಲ ಎಂದರು ಅವರು. ಅವನು ಮತ್ತೆ ಮೊದಲಿಂದ ಓದಿದ. ಲಿಫ್ಟು ಸ್ಥಗಿತ. ಕಾರಣ: ಕೆಲಸ ನಡೆಯುತ್ತಿದ್ದಾಗ ಮೇನ್ ಸ್ವಿಚ್ಚಿನ ಬೀಗ ಕತ್ತರಿಸಿ ಕರೆಂಟು ಕೊಡಲಾಗಿದೆ. ಕತ್ತರಿಸಿದವರು: ಆಫೀಸ್ ಸೂಪರಿಂಟೆಂಡೆಂಟ್. ಆ ಹೊತ್ತಿನಲ್ಲಿ ಡಬ್ಬಿಯ ಮೇಲೆ ಇದ್ದವರು: ಅವರ ತಂಗಿ.

ಪ್ರಿನ್ಸಿಪಾಲರು ಅವಳ ಮೊಣಕೈ ನೋಡಿದರು, ಅಣ್ಣನ ಕೈಯಲ್ಲಿದ್ದ ಬೀಗ ನೋಡಿದರು. ಅವರಿಗೆ ಇನ್ನೂ ಪೂರ್ತಿ ಅರ್ಥವಾದಂತಿರಲಿಲ್ಲ.

“ತಂಗಿ ಅಂದ್ರೆ? ಯಾರ ತಂಗಿ?”

ಅವಳು ಪೆನ್ನು ಚಾಚಿ ನಿಂತಿದ್ದಳು. ಅಣ್ಣನ ಪರವಾಗಿ ಎಷ್ಟೋ ಸಲ ಉತ್ತರ ಕೊಟ್ಟಿದ್ದವಳು ಈ ಸಲ ಕೊಡಲಿಲ್ಲ. ಅಣ್ಣ ಪುಸ್ತಕ ಮುಚ್ಚಿದ, ಮತ್ತೆ ತೆರೆದ. ಅವಳ ಕಡೆ ನೋಡಿದ. ಮೂರು ವರ್ಷದಲ್ಲಿ ಆ ಕಟ್ಟಡದೊಳಗೆ ಅವನು ಅವಳ ಮುಖ ನೋಡಿದ್ದು ಅದೇ ಮೊದಲು.

“ನನ್ನ ತಂಗಿ, ಸರ್,” ಎಂದ.

ದನಿ ಒಡೆದಿತ್ತು, ಆದರೂ ಐದು ಮಹಡಿಯ ಮೆಟ್ಟಿಲಿನಲ್ಲಿ ಎಲ್ಲರಿಗೂ ಕೇಳಿಸಿತು. ಅವಳು ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದಳು. ಮಧ್ಯಾಹ್ನ ಲಿಫ್ಟಿನ ಬಾಗಿಲ ಬಳಿ ನಿಂತು ಇದರ ಅರ್ಧದಷ್ಟು ದನಿಯಲ್ಲಿ ಕರೆದಿದ್ದರೂ ಅವಳಿಗೆ ಕೇಳಿಸುತ್ತಿತ್ತು.